ಹನ್ನೊಂದನೆಯ ಡಬ್ಬಿ

ಫೆಬ್ರವರಿ 3, ಸೋಮವಾರ. ಸಂಭಾಜಿನಗರ

ಸಿಕ್ಕಿತು, ಸಿಕ್ಕಿತು, ನನ್ನ ಪ್ರೋಟೀನ್ ಸಿಕ್ಕಿತು! ಎರಡು ವರ್ಷದಿಂದ ಹುಡುಕಿದ್ದು ಇವತ್ತು ಹನ್ನೆರಡೂ ಮುಕ್ಕಾಲಿಗೆ, ಕ್ಯಾಂಟೀನಿಗೆ ಹೊರಡಬೇಕು ಎನ್ನುವಾಗ! ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಡಲು ಶುರುವಾದವರ ಮೂತ್ರ ಹಾಕಿದರೆ ಗ್ರಾಫಿನಲ್ಲಿ ಅದರ ಪೀಕ್, ಎತ್ತರದ ಮೊನೆ. ಆರೋಗ್ಯವಂತರ ಮೂತ್ರದ ಮೊದಲ ಹತ್ತು ಡಬ್ಬಿಗಳಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಉಳಿದ ಹತ್ತು ನಾಳೆ, ನಾಡಿದ್ದು. ಸಮ್ಮೇಳನಕ್ಕೆ ಸಾರಾಂಶ ಕಳಿಸಿದೆ, ಊಟ ಮರೆತೆ.

ಸ್ವರೂಪ್‌ಗೆ ಫೋನ್. ಮದುವೆಯಾಗಿ ಅರವತ್ತು ದಿನ, ಇನ್ನೂ ನನ್ನ ಕೆಲಸ ಏನೆಂದು ಅವನಿಗೆ ಪೂರ್ತಿ ಗೊತ್ತಿಲ್ಲ.

"ಅಂದ್ರೆ ಆ ಮಾಸ್ ಸ್ಪೆಕ್ ಒಂದು ತಕ್ಕಡಿ?"

"ಹೌದು ಮಾರಾಯ. ಪ್ರೋಟೀನ್ ಕತ್ತರಿಸಿ ಒಂದೊಂದೇ ಚೂರು ತೂಗುವ ತಕ್ಕಡಿ."

"ನಮ್ಮ ಸಾಂಬಾರು ಹಾಕಿ ನೋಡು. ಹಿಂಗು ಎಷ್ಟಂತ ಹೇಳ್ತದಾ ನೋಡುವ."

ಎಷ್ಟು ನಕ್ಕೆ! ಶನಿವಾರ ನಾಸಿಕ್‌ಗೆ, ಅವನ ಹತ್ತಿರ. ಇನ್ನು ಐದೇ ದಿನ. (ಕನ್ನಡದಲ್ಲಿ ಬರೆಯುವುದರ ಸುಖ ಇದು — ಅವನಿಗೆ ಮಾತು ಬರುತ್ತದೆ, ಓದಲು ಬರುವುದಿಲ್ಲ.)

ಫೆ. 5, ಬುಧವಾರ

ಉಳಿದ ಹತ್ತೂ ಮುಗಿಯಿತು. ಎಂಟು ಸರಿ. ಎರಡು... ಹನ್ನೊಂದು ಮತ್ತು ಹದಿನಾಲ್ಕು. ಎರಡರಲ್ಲೂ ನನ್ನ ಪೀಕ್ ಎದ್ದು ನಿಂತಿದೆ, ರೋಗಿಗಳದ್ದಕ್ಕಿಂತ ಎತ್ತರಕ್ಕೆ. ಯಂತ್ರ ತೊಳೆದು ಮತ್ತೆ ಹಾಕಿದೆ. ಅದೇ.

ಇಪ್ಪತ್ತೂ ನಮ್ಮ ಹೋಟೆಲಿನದು. ನಾಸಿಕ್ ಪಕ್ಕದ ದೇವಳಾಲಿ ಸೇನಾ ಕ್ಯಾಂಪಿನಲ್ಲಿ ಸ್ವರೂಪ್ ನಡೆಸುವ ಹೋಟೆಲು. ಹೊಸ ವರ್ಷದ ಮರುದಿನ ಅತ್ತೆ ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿ, "ನಮ್ಮ ಸೊಸೆಯ ಕೆಲಸ, ಯಾರೂ ನಾಚಬೇಡಿ" ಎಂದು ಡಬ್ಬಿ ಹಂಚಿದ್ದರು. ಎಲ್ಲರೂ ಯಾವ ಕಾಯಿಲೆಯೂ ಇಲ್ಲ ಎಂದು ಸಹಿ ಮಾಡಿದವರೇ.

ಹೆಸರು ನೋಡಬಾರದು, ಪಟ್ಟಿ ನನ್ನ ಗೈಡ್ ಪ್ರಿಯಂವದಾ ಮೇಡಂ ಲಾಕರಿನಲ್ಲಿದೆ. ಆದರೆ ನಂಬರಿನ ಚೀಟಿ ಅಂಟಿಸಿದವಳು ನಾನೇ. ಹನ್ನೊಂದು ಕಿಟ್ಟಣ್ಣ, ಹೋಟೆಲಿನ ಹಿರಿಯ ಅಡುಗೆಯವರು. ಹದಿನಾಲ್ಕು ಅತ್ತೆ.

ಸಂಜೆ ಕಂಪ್ಯೂಟರಿನ ಕೋಷ್ಟಕದಿಂದ ಅವೆರಡರ ಸಾಲುಗಳನ್ನು ಅಳಿಸಿದೆ. ಗ್ರಾಫ್ ಎಷ್ಟು ಚಂದ ಆಯಿತು! ಸೇವ್ ಮಾಡಿ ಮನೆಗೆ ಬಂದೆ. ಚಪಾತಿ ಸೇರಲಿಲ್ಲ.

ಫೆ. 6, ಗುರುವಾರ

ಬೆಳಿಗ್ಗೆ ಹೋದವಳೇ ಎರಡೂ ಸಾಲುಗಳನ್ನು ವಾಪಸು ಹಾಕಿದೆ. ಎರಡರ ಗ್ರಾಫನ್ನೂ ಒಂದರ ಮೇಲೊಂದು ಇಟ್ಟು ನೋಡಿದೆ. ನನ್ನ ಪೀಕ್ ಮಾತ್ರವಲ್ಲ, ಇನ್ನೂರು ಮುನ್ನೂರು ಪೀಕ್‌ಗಳು — ಒಂದೇ ಗೆರೆ. ಇಬ್ಬರು ಮನುಷ್ಯರು ಹೀಗೆ ಇರುವುದಿಲ್ಲ.

ಆಮೇಲೆ ಹೊಳೆಯಿತು. ಗಂಡಸಿನ ಮೂತ್ರದಲ್ಲಿ ಪ್ರಾಸ್ಟೇಟ್ ಗ್ರಂಥಿಯ ಪ್ರೋಟೀನ್ ಸಿಗಬೇಕು. ಬೇರೆ ಎಲ್ಲ ಗಂಡಸರದ್ದರಲ್ಲೂ ಇದೆ. ಕಿಟ್ಟಣ್ಣನ ಡಬ್ಬಿಯಲ್ಲಿ ಹುಡುಕಿದೆ. ಸೊನ್ನೆ.

ಕಿಟ್ಟಣ್ಣನ ಡಬ್ಬಿಯಲ್ಲಿರುವುದು ಕಿಟ್ಟಣ್ಣನದ್ದಲ್ಲ.

ಫೆ. 9, ಭಾನುವಾರ. ನಾಸಿಕ್

ಕಿಟ್ಟಣ್ಣ ಉದ್ದಿನ ಹಿಟ್ಟು ಕಲಸುತ್ತಿದ್ದರು. ಮೆಲ್ಲಗೆ ಕೇಳಿದೆ. ತಲೆ ಎತ್ತಲಿಲ್ಲ.

"ಬೈಬೇಡಿ ಅಕ್ಕ. ಬೆಳಿಗ್ಗೆ ಮಿಂದು, ದೇವರಿಗೆ ದೀಪ ಇಟ್ಟು, ಒಲೆ ಹೊತ್ತಿಸುವ ಕೈ. ಆ ಕೈಯಲ್ಲಿ ಅದನ್ನು ಹಿಡೀಲಿಕ್ಕೆ ನಂಗೆ ಆಗ್ಲಿಲ್ಲ."

"ಮತ್ತೆ ತುಂಬಿಸಿದ್ದು ಯಾರು?"

ಗಲ್ಲಾ ಕಡೆ ಕಣ್ಣು ಹಾಯಿಸಿದರು. ಅಲ್ಲಿ ಅತ್ತೆ, ಸೈನಿಕನ ಹೆಂಡತಿಯೊಬ್ಬಳಿಗೆ ಚಿಲ್ಲರೆ ಕೊಡುತ್ತಾ ಮರಾಠಿಯಲ್ಲಿ ಹರಟುತ್ತಿದ್ದರು. ಹೋಗಿ ಅವರನ್ನೇ ಕೇಳಿದೆ; ನಾಚಿಕೆಯೂ ಇಲ್ಲ, ಪಶ್ಚಾತ್ತಾಪವೂ ಇಲ್ಲ.

"ನೀನೇ ಅಲ್ವಾ ಇಪ್ಪತ್ತು ಬೇಕು ಅಂದದ್ದು. ಹತ್ತೊಂಬತ್ತು ಕೊಂಡುಹೋದ್ರೆ ನಿನ್ನ ಮೇಡಂ ಬೈಯೂದಿಲ್ವಾ? ಹೊಸ ಸೊಸೆ, ಮೊದಲನೇ ಸಲ ನಮ್ಮ ಹತ್ರ ಒಂದು ಕೇಳಿದ್ದು. ಎಂಥ ದೊಡ್ಡ ವಿಷಯ, ನಂಗೆ ಈಗೀಗ ಗಳಿಗೆಗೊಮ್ಮೆ ಹೋಗ್ಲಿಕ್ಕುಂಟು. ಎರಡು ಡಬ್ಬಿ ಆರಾಮದಲ್ಲಿ ತುಂಬಿತು!"

ನಕ್ಕರು. ನಾನೂ ನಕ್ಕೆ. ಅವರು ಸ್ಟೂಲಿನ ಕೆಳಗೆ ಚಪ್ಪಲಿ ಕಳಚಿಟ್ಟಿದ್ದರು. ಪಾದದ ಮೇಲೆ ಪಟ್ಟಿಯ ಅಚ್ಚು, ಬೆರಳು ಇಡುವಷ್ಟು ಆಳ. ಕಿಡ್ನಿ ಕೆಟ್ಟರೆ ಕಾಲು ಹೀಗೇ ಬಾತುಕೊಳ್ಳುತ್ತದೆ, ಹೇಳಬೇಕಿತ್ತು. ಹೇಳಲಿಲ್ಲ. ಸ್ವರೂಪ್ ಬಸ್‌ಸ್ಟ್ಯಾಂಡಿಗೆ ಬಿಡುವಾಗ, "ಯಾಕೆ ಸಪ್ಪೆ?" ಎಂದ. ತಲೆನೋವು ಎಂದೆ. ಮೊದಲನೆಯ ಸುಳ್ಳು.

ಫೆ. 11, ಮಂಗಳವಾರ. ಸಂಭಾಜಿನಗರ

ಪ್ರಿಯಂವದಾ ಮೇಡಂಗೆ ಎಲ್ಲ ಹೇಳಿದೆ, ಸಾಲು ಅಳಿಸಿದ್ದೂ ಸೇರಿ. ಬೀದರಿನವರು. ಸಿಟ್ಟು ಬಂದಷ್ಟೂ ದನಿ ತಗ್ಗುತ್ತದೆ.

"ಮನಿ ಮಂದೀದು ತಗೋಬ್ಯಾಡ್ರಿ ಅಂತ ಹೇಳಿದ್ದಿಲ್ಲೇನ್ರಿ?"

"ಹೇಳಿದ್ರಿ ಮೇಡಂ. ಹೋಟೆಲ್ ಸಿಬ್ಬಂದಿ ಅಂತ ಬರೆದೆ..."

"ಇಪ್ಪತ್ತೂ ಹೋತು. ಡಬ್ಬಿ ತುಂಬಾಗ ನೀವು ನೋಡಿಲ್ಲ ಅಂದಮ್ಯಾಗ ಯಾವುದನ್ನ ನಂಬೋದ್ರಿ? ಸಮ್ಮೇಳನಕ್ಕ ಕಳಿಸಿದ ಸಾರಾಂಶ ವಾಪಸ್ ತಗೋರಿ. ಹೊಸದಾಗಿ ಶುರು ಮಾಡ್ರಿ."

ಕಣ್ಣೀರು ಬಂತು, ಥೂ. ಆದರೆ ಅದಕ್ಕಲ್ಲ. "ಮೇಡಂ, ಅತ್ತೆ...?"

ಆಗ ಕುರ್ಚಿ ಹತ್ತಿರ ಎಳೆದುಕೊಂಡರು. "ನೋಡ್ರಿ, ನಮ್ಮ ಪೀಕ್ ನೋಡಿ ಯಾರಿಗೂ ರೋಗ ಅದ ಅಂತ ಹೇಳೋ ಹಂಗಿಲ್ಲ. ಅದಿನ್ನಾ ಏನೂ ಸಾಬೀತಾಗಿಲ್ಲ. ಆದ್ರ ಕಾಲು ಬಾತದ, ಮ್ಯಾಲಿಂದ ಮ್ಯಾಲೆ ಹೋಗ್ಲತ್ತಾರ ಅಂದ್ರ, ಅದಕ್ಕ ಮಷೀನ್ ಯಾಕ ಬೇಕ್ರಿ? ಡಾಕ್ಟರ್ ಕಡಿ ಕರಕೊಂಡು ಹೋಗ್ರಿ. ಲಗೂ."

ಫೆ. 16, ಭಾನುವಾರ. ನಾಸಿಕ್

ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅತ್ತೆ ಮಲ್ಲಿಗೆ ಕಟ್ಟುತ್ತಾ ಕುಳಿತಿದ್ದರು. "ಅತ್ತೆ, ಒಂದು ಸಲ ರಕ್ತ, ಮೂತ್ರ ತೋರಿಸುವ. ಇಲ್ಲೇ ಎದುರಿನ ಲ್ಯಾಬಿನಲ್ಲಿ."

ದಾರ ನಿಂತಿತು.

"ನಿನ್ನ ಮಷೀನಿನಲ್ಲಿ ಎಂಥ ಬಂತು?"

"ಅದು ಹೇಳ್ಲಿಕ್ಕೆ ಬರೂದಿಲ್ಲ. ನಿಮ್ಮ ಕಾಲು ನೋಡಿ ಹೇಳ್ತಿದ್ದೇನೆ."

"ಇಡೀ ದಿನ ಕೂತವರ ಕಾಲು ಬಾತುಕೊಳ್ಳದೆ ಮತ್ತೆ? ಆ ಲ್ಯಾಬಿನ ರೋಷನ್ ದಿನಾ ನಮ್ಮಲ್ಲೇ ಇಡ್ಲಿ ತಿನ್ನೂದು. ನಾಳೆ ಇಡೀ ಕ್ಯಾಂಪಿಗೆ ಗೊತ್ತಾಗ್ತದೆ, ಹೋಟೆಲಿನ ಅಮ್ಮನಿಗೆ ಶುಗರ್ ಅಂತ. ಬೇಡ." ದಾರದ ಗಂಟು ಬಿಗಿಯುತ್ತಾ: "ನನ್ನ ಅಮ್ಮ ಹೋದದ್ದೂ ಕಾಲು ಬಾತೇ."

ಮಾಲೆ ನನ್ನ ತಲೆಗೆ ಮುಡಿಸಿದರು. ಅವರಿಗೆ ಗೊತ್ತು! ನನಗಿಂತ ಮೊದಲೇ ಗೊತ್ತಿತ್ತು.

ಫೆ. 20, ಗುರುವಾರ. ಸಂಭಾಜಿನಗರ

ನಾಲ್ಕು ದಿನ ಫೋನ್ ಎತ್ತಲಿಲ್ಲ ಅತ್ತೆ. "ಅಮ್ಮ ಬ್ಯುಸಿ" ಎಂದನಷ್ಟೇ ಸ್ವರೂಪ್. ನಿನ್ನೆ ಅವನಿಗೂ ಹೇಳಿಬಿಟ್ಟೆ, ಕಾಲಿನದ್ದು. ಪೀಕಿನದ್ದಲ್ಲ. "ಹೇಳಿದ್ದು ಒಳ್ಳೇದಾಯ್ತು" ಎಂದ. ನನ್ನ ಸ್ವರೂಪ್!

ಇವತ್ತು ಮಧ್ಯಾಹ್ನ ಅತ್ತೆಯದ್ದೇ ಫೋನ್. ಹಿಂದೆ ಪಾತ್ರೆಗಳ ಸದ್ದು.

"ದೀಕ್ಷಿತಾ, ನಿನ್ನ ರೂಮಿನಲ್ಲಿ ಇನ್ನೊಂದು ಚಾಪೆ ಉಂಟಾ?"

"ಉಂಟು ಅತ್ತೆ! ಯಾಕೆ?"

"ಸೊಸೆಯ ರೂಮು ನೋಡಿ ಬರ್ತೇನೆ ಅಂತ ಇಲ್ಲಿ ಎಲ್ಲರಿಗೂ ಹೇಳಿದ್ದೇನೆ. ಅಲ್ಲಿಯ ಡಾಕ್ಟರ್ರಿಗೆ ನನ್ನ ಇಡ್ಲಿ ಗೊತ್ತಿಲ್ಲ ಅಲ್ವಾ?"

ಇಲ್ಲ ಎಂದೆ. ಮೂಗು ಒರೆಸಿದ ಸದ್ದು ಅವರಿಗೆ ಕೇಳಿಸಿತು.

"ಅಳೂದೆಂಥಕ್ಕೆ ಮಾರಾಯ್ತಿ. ಡಬ್ಬಿ ತೆಗೆದಿಡು. ಈ ಸಲ ಒಂದೇ. ನನ್ನದು ಮಾತ್ರ."

ಡಾಕ್ಟರರ ಅಪಾಯಿಂಟ್‌ಮೆಂಟ್ ಸೋಮವಾರ ಸಿಕ್ಕಿತು. ಚಾಪೆ ಬಿಸಿಲಿಗೆ ಹಾಕಿದೆ. ಏನು ಬರುತ್ತದೋ... ಯೋಚಿಸುವುದಿಲ್ಲ. ಬೇಗ ಹೋಗಿ ಪ್ಲಾಟ್‌ಫಾರಂನಲ್ಲಿ ನಿಲ್ಲಬೇಕು, ಆ ಕಾಲಿನಲ್ಲಿ ಅತ್ತೆ ರೈಲಿನ ಮೆಟ್ಟಿಲು ಇಳಿಯುವಾಗ ಕೈ ಹಿಡಿಯಲು ನಾನಿರಬೇಕು. ನಾಸಿಕ್ ರೋಡಿನಲ್ಲಿ ಸ್ವರೂಪ್ ಹತ್ತಿಸುತ್ತಾನೆ. ನಾಡಿದ್ದು ಶನಿವಾರ, ತಪೋವನ ಎಕ್ಸ್‌ಪ್ರೆಸ್ —