ಜನವರಿಯಲ್ಲಿ ಸಹಿಯಾದ ಹೃದಯ

ಕಣಿವೆಯ ತರುಣರ ಸೈಕಲ್ ತಂಡವನ್ನು ಆರಿಸುವ ಸಮಿತಿಯ ಅಧ್ಯಕ್ಷರೇ,

ನನ್ನ ಮೊಮ್ಮಗಳು ಸುಲಾಯ್‌ಗೆ ಹದಿನಾರು ವರ್ಷ. ಅವಳ ಹೃದಯದ ಸ್ನಾಯು ಊದಿಕೊಂಡಿದೆ. ಈ ಭಾನುವಾರದ ಬೆಟ್ಟದ ಪರೀಕ್ಷೆಗೆ ಬಾರದಿದ್ದರೆ ಅವಳ ಹೆಸರು ತೆಗೆಯುವುದಾಗಿ ತಾವು ಕಾಗದ ಕಳಿಸಿದ್ದೀರಿ. ‘ಪ್ರಮಾಣಪತ್ರದ ಪ್ರಕಾರ ಕ್ರೀಡಾಪಟು ಸಮರ್ಥಳಾಗಿದ್ದಾಳೆ’ ಎಂಬ ಸಾಲೂ ಅದರಲ್ಲಿದೆ. ಆ ಪ್ರಮಾಣಪತ್ರಕ್ಕೆ ಸಹಿ ಬಿದ್ದದ್ದು ಜನವರಿಯಲ್ಲಿ. ಜ್ವರ ಬಂದದ್ದು ಮೇ ತಿಂಗಳಲ್ಲಿ. ಒಮ್ಮೆ ಸಹಿ ಬಿದ್ದ ಹೃದಯ ವರ್ಷ ಮುಗಿಯುವ ತನಕ ಕೆಡುವಂತಿಲ್ಲ ಎಂಬುದು ತಮ್ಮ ಕಚೇರಿಯ ವೈದ್ಯಶಾಸ್ತ್ರವೇ? ಮೊದಲೇ ತಿಳಿದಿದ್ದರೆ ನನ್ನ ಹೆಂಡತಿ ಎರ್ಮಿಂಡಾಳಿಗೂ ಒಂದು ಸಹಿ ಹಾಕಿಸಿಡುತ್ತಿದ್ದೆ. ಅವಳು ತೀರಿಹೋಗಿ ನಾಲ್ಕು ವರ್ಷವಾಯಿತು. ಅವಳಿದ್ದಿದ್ದರೆ ಮಗುವನ್ನು ನನ್ನ ಬುದ್ಧಿಗೆ ಬಿಡುತ್ತಿರಲಿಲ್ಲ. ಆ ಮಾತಿಗೆ ಈಗ ಬರುತ್ತೇನೆ.

ನಮ್ಮ ಕಡೆ ಜ್ವರವನ್ನು ಬೆವರಿಳಿಸಿ ಓಡಿಸುವುದು ಪದ್ಧತಿ. ನಿಂಬೆ ಹಿಂಡಿದ ಬಿಸಿ ಬೆಲ್ಲದ ನೀರು ಕುಡಿಸಿ, ಉಣ್ಣೆಯ ಹೊದಿಕೆ ಹೊದಿಸಿ, ಎದ್ದು ನಿಲ್ಲುವ ಹಾಗಾದರೆ ಸೈಕಲ್ ಹತ್ತಿಸುತ್ತೇವೆ. ನನ್ನಪ್ಪ ನನಗೆ ಹಾಗೆ ಮಾಡಿದ್ದ, ನಾನು ಮಗನಿಗೆ ಮಾಡಿದ್ದೆ. ಸುಲಾಯ್‌ಗೆ ಜ್ವರ ಇಳಿದರೂ ಕೆಮ್ಮು ಉಳಿಯಿತು. ಒಂದು ಬೆಳಿಗ್ಗೆ ಮೆಟ್ಟಿಲ ನಡುವೆ ಏದುಸಿರು ಬಿಡುತ್ತ ನಿಂತಳು.

“ಏನಮ್ಮಾ, ನನ್ನ ವಯಸ್ಸು ನಿನಗೇ ಬಂತಾ?” ಎಂದು ಅಣಕಿಸಿದೆ.

“ಎದೆ ಒಳಗೆ ಏನೋ ಒತ್ತಿದಂಗಾಗತ್ತೆ, ಅಜ್ಜಾ. ಕೋಚ್‌ಗೆ ಹೇಳ್ಬೇಡಿ ಮತ್ತೆ, ಜಾಗ ಹೋಗತ್ತೆ.”

“ಒಂದ್ಸಲ ಬೆಟ್ಟ ಹತ್ತಿ ಬಾ. ಬೆವರು ಕಿತ್ಕೊಂಡ್ರೆ ಎಲ್ಲಾ ಸರಿಹೋಗತ್ತೆ.”

ಹೀಗೆಂದವನು ನಾನೇ. ಏಳನೆಯ ಕಿಲೋಮೀಟರಿನ ತಿರುವಿನಲ್ಲಿ ಅವಳು ಪ್ರಜ್ಞೆ ತಪ್ಪಿ ಸೈಕಲ್ ಸಮೇತ ಬಿದ್ದಳು. ಹಾಲಿನ ಲಾರಿಯವನು ಕ್ಯಾನುಗಳ ನಡುವೆ ಮಲಗಿಸಿ ಕೆಳಗಿಳಿಸಿದ.

ತುಂಹಾ ಪಟ್ಟಣದ ಆಸ್ಪತ್ರೆಯ ವೈದ್ಯೆ ನನ್ನ ಮಗಳಿಗಿಂತ ಚಿಕ್ಕವಳು. “ಇಂಥ ಸ್ಥಿತೀಲಿ ಇವಳನ್ನ ಬೆಟ್ಟ ಹತ್ತಿಸಿದ್ದು ಯಾರು?” ಎಂದಳು. “ನಾನೇ” ಎಂದು ಟೋಪಿ ತೆಗೆದೆ. “ನೋಡಿ ಅಜ್ಜಾ, ವೈರಸ್ಸು ಮೂಗು ಗಂಟಲಲ್ಲೇ ಕೂತಿರಲ್ಲ, ಹೃದಯಕ್ಕೂ ಇಳಿಯತ್ತೆ. ಊದಿರೋ ಹೃದಯಾನ ದಣಿಸಿದ್ರೆ ಬಡಿತ ತಪ್ಪಿ ನಿಂತೇ ಹೋಗಬಹುದು. ಇನ್ನಾರು ತಿಂಗಳು ಸೈಕಲ್ ಮುಟ್ಟೋ ಹಂಗಿಲ್ಲ. ಆಮೇಲೆ ಸ್ಕ್ಯಾನು, ಇಸಿಜಿ, ಓಡಿಸಿ ಪರೀಕ್ಷೆ. ಎಲ್ಲಾ ಸರಿ ಬಂದ್ರೆ ಸಪಾಟು ರಸ್ತೇಲಿ ಸ್ವಲ್ಪ ಸ್ವಲ್ಪ.” ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ.

ಇದನ್ನೆಲ್ಲ ಅವಳು ಬರೆದುಕೊಟ್ಟ ಕಾಗದ ಹಿಡಿದು ತಮ್ಮ ಕಚೇರಿಗೆ ಬಂದೆ. ತಾವಿರಲಿಲ್ಲ, ಮೂರು ಸಲ ಬಂದಾಗಲೂ ತಾವಿರಲಿಲ್ಲ. ಅದಕ್ಕೇ ಇದನ್ನು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಗುಮಾಸ್ತರು ತಿರುವಿ ನೋಡಿ, “ಇದು ನಮ್ಮ ನಮೂನೇಲಿಲ್ಲವಲ್ಲ, ಯಜಮಾನ್ರೇ” ಎಂದರು.

“ಮಗುವಿನ ಹೃದಯ ತಮ್ಮ ನಮೂನೇಲಿ ಊದ್ಕೊಳ್ಳಲಿಲ್ಲ ಸ್ವಾಮಿ, ತಪ್ಪಾಯ್ತು.”

“ತಮಾಷೆ ಬಿಡಿ. ಒಂದು ಸೈಕಲ್ ಓಟ ಆಗಲೇ ತಪ್ಪಿದೆ, ಎರಡು ತಪ್ಪಿದ್ರೆ ಹೆಸರು ಹೋಗತ್ತೆ. ನಿಯಮ ನಾನು ಬರೆದಿದ್ದಲ್ಲ.”

ಅವರ ತಲೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಬಣ್ಣದ ದೊಡ್ಡ ತಖ್ತೆಯೊಂದಿತ್ತು, ಪೂರ್ತಿ ಇಂಗ್ಲಿಷಿನಲ್ಲಿ. ನಾನು ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದವನು. ಒಂದು ವರ್ಷ ಕಲಿತದ್ದು ಆಗಲೇ ಮರೆತುಹೋಯಿತು, ಇನ್ನೊಂದು ವರ್ಷದ್ದು ಮದುವೆಯಾದ ಮೇಲೆ. ಆದರೂ ಕನ್ನಡಕ ಒರೆಸಿ ಓದಿದೆ. ಫೀವರ್, ಹಾರ್ಟ್, ಲಂಗ್ಸ್ ಸಿಕ್ಕವು. ಎದೆನೋವು, ಏದುಸಿರು, ತಲೆಸುತ್ತಿನ ಚಿತ್ರಗಳ ಪಕ್ಕ ಕೆಂಪಕ್ಷರದಲ್ಲಿ ಸ್ಟಾಪ್ ಎಂದಿತ್ತು. ನಡುವಿನ ಎಷ್ಟೋ ಪದ ನೆನಪಾಗಲಿಲ್ಲ. ಸ್ಟಾಪ್ ಎಂಬುದನ್ನು ಯಾರು ಮರೆಯುತ್ತಾರೆ, ಮಾನ್ಯರೇ?

“ಇದನ್ನ ಮಕ್ಕಳಿಗೆ ಯಾಕೆ ಹೇಳಿಲ್ಲ?” ಎಂದೆ.

“ಅದಾ? ಹೊರದೇಶದಿಂದ ಅತಿಥಿಗಳು ಬಂದಾಗ ಗೋಡೆ ಖಾಲಿ ಕಾಣ್ಬಾರದು ಅಂತ ಹಾಕಿರೋದು” ಎಂದರು.

ನಾನು ಅವಿವೇಕಿ, ಒಪ್ಪಿದೆ. ಅಪ್ಪ ಹೇಳಿದ್ದನ್ನು ನಂಬಿ ಮಗುವನ್ನು ಸಾವಿನ ಹತ್ತಿರ ಕಳಿಸಿದೆ. ಅದನ್ನು ಹೊತ್ತುಕೊಂಡೇ ಬದುಕುತ್ತೇನೆ. ಆದರೆ ತಿಳಿವಳಿಕೆಗೆ ಚೌಕಟ್ಟು ಹಾಕಿಸಿ ಮೊಳೆ ಹೊಡೆದವರನ್ನು ಏನೆಂದು ಕರೆಯಬೇಕು? ಜ್ವರ ಬಂತೆಂದು ಬಾಯಿಬಿಟ್ಟರೆ ಜಾಗ ಹೋಗುತ್ತದೆ ಎಂದು ಮಕ್ಕಳಿಗೆ ಕಲಿಸಿದ್ದು ನನ್ನಪ್ಪನಲ್ಲ, ತಮ್ಮ ಎರಡು ಓಟಗಳ ನಿಯಮ. ಕೆಮ್ಮನ್ನು ನುಂಗಲು ಕಲಿತ ಮಕ್ಕಳಿಗೆ ತಾವು ಶಿಸ್ತಿನ ಸಿಪಾಯಿಗಳೆಂದು ಪದಕ ಹಾಕುತ್ತೀರಿ.

ಸುಲಾಯ್ ಭಾನುವಾರ ಬರುವುದಿಲ್ಲ. ಸೈಕಲ್ಲಿನ ಎರಡೂ ಗಾಲಿ ಕಳಚಿ ನನ್ನ ಮಂಚದ ಕೆಳಗಿಟ್ಟಿದ್ದೇನೆ. ಅವಳು ನನ್ನೊಡನೆ ಮಾತು ಬಿಟ್ಟು ಹನ್ನೊಂದು ದಿನವಾಯಿತು. ಈ ಪತ್ರ ಅವಳೊಬ್ಬಳಿಗಾಗಿ ಬರೆದದ್ದಲ್ಲ. ಅದೇ ತಂಡದ ಇನ್ನೊಬ್ಬ ಹುಡುಗಿ ಹತ್ತು ದಿನದಿಂದ ಕೆಮ್ಮುತ್ತಿದ್ದಾಳೆ, ಭಾನುವಾರ ಬೆಟ್ಟ ಹತ್ತಲಿದ್ದಾಳೆ. ಅವಳ ತಾಯಿಯ ಬಾಗಿಲಿಗೆ ಹೋಗಿ ಎಲ್ಲವನ್ನೂ ಹೇಳಿದೆ. “ನಿಮ್ಮ ಹುಡುಗಿ ಜಾಗ ಹೋಯ್ತು ಅಂತ ನಮ್ಮದೂ ಹೋಗ್ಬೇಕಾ, ದೊಡ್ಡೋರೇ?” ಎಂದು ಆಕೆ ಬಾಗಿಲು ಮುಚ್ಚಿದಳು. ಆ ಹುಡುಗಿಯ ಹೆಸರನ್ನು ಪತ್ರಿಕೆಯಲ್ಲಿ ಬರೆದರೆ ತಾವು ಮೊದಲು ಮಾಡುವ ಕೆಲಸ ಅವಳನ್ನು ಕೈಬಿಡುವುದು. ಆದ್ದರಿಂದ ಬರೆಯುವುದಿಲ್ಲ.

ಭಾನುವಾರದ ಪರೀಕ್ಷೆಯನ್ನು ಮುಂದೂಡಿ. ಕಾಯಿಲೆಯಿಂದ ಓಟ ತಪ್ಪಿದವರ ಜಾಗ ಅವರು ಮರಳುವ ತನಕ ಹಾಗೇ ಇರುತ್ತದೆಂದು ಬರೆದು ಕೊಡಿ. ಜ್ವರ ಬಿಟ್ಟ ಮೇಲೆ ವೈದ್ಯರು ಹೊಸದಾಗಿ ನೋಡದೆ ಯಾರನ್ನೂ ರಸ್ತೆಗೆ ಬಿಡಬೇಡಿ. ಇದನ್ನು ಶನಿವಾರದ ಅಭ್ಯಾಸಕ್ಕೆ ತಾವೇ ಬಂದು, ಮಕ್ಕಳ ಮುಂದೆ ನಿಂತು, ಅವರ ಭಾಷೆಯಲ್ಲಿ ಹೇಳಿ. ಆಮೇಲೆ, ಎದೆನೋವು, ಕೆಮ್ಮು, ಸುಸ್ತು ಇದ್ದವರು ಕೈ ಎತ್ತಿ ಎನ್ನಿ. ಎಷ್ಟು ಕೈ ಏಳುತ್ತವೆಂದು ತಾವೇ ಎಣಿಸಿ.

ಇಂತಿ,
ಬೆಟ್ಟದ ತಿರುವಿನಲ್ಲಿ ನಿಂತು ‘ಇನ್ನೂ ಜೋರಾಗಿ ತುಳಿ’ ಎಂದು ವರ್ಷಗಟ್ಟಲೆ ಕೂಗಿದವರಲ್ಲೊಬ್ಬ,
ಎಲಿಯೆಸೆರ್ ಪಾಚೋನ್