ಹಿಮದ ಗುಡ್ಡೆಗೆ ಬೂದಿ

ಫೆಬ್ರವರಿ 8, ಬೆಳಗ್ಗೆ

ಪೈಪಿನ ಬಾಯಿ ಮತ್ತೆ ಹೆಪ್ಪುಗಟ್ಟಿತ್ತು. ಬಿಸಿನೀರು ಸುರಿದು ಬಿಡಿಸಿದೆ. ಬೆರಳು ಮರಗಟ್ಟಿಹೋಗಿವೆ. ಆದರೂ ನಾನು ಕಟ್ಟುತ್ತಿರುವ ಹಿಮದ ಗುಡ್ಡೆ ಬೆಳೆಯುತ್ತಿದೆ, ಈಗ ನಮ್ಮ ಮನೆಗಿಂತ ಎತ್ತರ. ಮೇಲಿನ ಒರತೆಯ ನೀರು ಪೈಪಿನಿಂದ ಚಿಮ್ಮುತ್ತದೆ, ಬಿದ್ದಲ್ಲೇ ಮಂಜುಗಡ್ಡೆ. ಮನೆಗೆ ಬಂದರೆ ಇವರು ಕಂಬಳಿಯೊಳಗಿಂದಲೇ, "ಬಂದ್ಲಪ್ಪಾ ಐಸ್ ರಾಣಿ!" ಒಂದು ಚಹಾ ಮಾಡಿಡಬಾರದಿತ್ತೆ, ಮಹಾರಾಯ!

ಫೆಬ್ರವರಿ 26

ಊರಿಗೆ ನೀರಿನ ಪಾಳಿ ಹಂಚುವ ಮಿರಾಬ್ ಕೆಲಸ ನನ್ನ ತಲೆಗೆ ಬಂದು ಎರಡು ವರ್ಷ. ಎರಡು ವರ್ಷವೂ ಜುಲೈನಲ್ಲಿ, ಬಾರ್ಲಿ ಕಾಳು ಕಟ್ಟುವ ಹೊತ್ತಿಗೆ ಸರಿಯಾಗಿ, ತೊರೆ ಕೈಕೊಟ್ಟಿತು. ಬೆಟ್ಟದ ಹಿಮವೆಲ್ಲ ಮೊದಲೇ ಕರಗಿ ಪಂಜ್ ನದಿ ಸೇರಿಬಿಡುತ್ತದೆ. ಈ ಗುಡ್ಡೆ ಜುಲೈವರೆಗೆ ನಿಂತರೆ ಎಲ್ಲರ ಹೊಲಕ್ಕೂ ಒಂದು ಸಲ ನೀರು. ಅಷ್ಟು ಸಾಕು. ನಿಲ್ಲದಿದ್ದರೆ... ಬೇಡ.

ಮಾರ್ಚ್ 23

ನವ್‌ರೋಜ್ ಗಡಿಬಿಡಿ ಮುಗಿಯಿತು. ಹಬ್ಬಕ್ಕೆ ಮನೆ ಗುಡಿಸಿ ಒಲೆ ಬರಿದು ಮಾಡಿದ್ದೆವು. ಬೂದಿ ಎಲ್ಲಿಗೆ ಹೋಯಿತೆಂದು ನಾನು ಕೇಳಲಿಲ್ಲ. ಇವತ್ತು ಮೇಲೆ ಹೋಗಿ ನೋಡಿದರೆ ಗುಡ್ಡೆಯ ಒಂದು ಮಗ್ಗುಲು ಕಪ್ಪು! ಬಿಸಿಲಿಗೆ ತೊಟತೊಟ ಇಳಿಯುತ್ತಿದೆ.

ಅತ್ತೆಯ ಕೆಲಸ. ವಸಂತದಲ್ಲಿ ಹೊಲದ ಹಿಮಕ್ಕೆ ಬೂದಿ ಎರಚುವುದು ರೂಢಿ. ಬೇಗ ಕರಗಲಿ, ಬಿತ್ತನೆ ತಡವಾಗದಿರಲಿ ಅಂತ.

"ಚಳಿಗಾಲವೆಲ್ಲ ಒದ್ದಾಡಿದ್ಯಲ್ಲ, ನಿನ್ನ ನೀರೂ ಬೇಗ ಬರ್ಲಿ ಅಂತ ಹಾಕ್ದೆ ಕಣೆ," ಅಂದರು. "ನಾನು ಸೊಸೆಯಾಗಿ ಬಂದಾಗ ಈ ಹಿಮ ಹೋಗ್ಲಿ ಅಂತ ಹರಕೆ ಹೊರ್ತಿದ್ವಿ."

"ಬೇಗ ಯಾರಿಗೆ ಬೇಕಿತ್ತು? ತಲೆ ನೆಟ್ಟಗಿದೆಯಾ ನಿಮಗೆ?"

ಕೂಗಿಬಿಟ್ಟೆ. ಅತ್ತೆಗೆ! ಅವರು ಒಳಗೆ ಹೋದರು.

ಮಾರ್ಚ್ 25

ಬೂದಿ ಕೆರೆದು ಹುಲ್ಲು ಹೊದಿಸಿದ್ದಾಯಿತು. ಆ ಮಗ್ಗುಲು ಕುಸಿದೇ ಹೋಯಿತು. ಊರವರು ಮನೆಮುಂದೆ ಸೇರಿ ಯಾರು ಹಾಕಿದ್ದು ಅಂದರು. ನಾನೇ, ಮರೆತು ಹಾಕಿದೆ ಅಂದೆ. ಕೆಳಗಿನ ಹೊಲದ ನಜರ್‌ಶೋ ಬಿಡುತ್ತಾನೆಯೇ?

"ಮುಂದಿನ ಸಲ ಪಕ್ಕದಲ್ಲಿ ಒಂದು ಒಲೆನೂ ಹಚ್ಚಿಬಿಡಿ ಅತ್ತಿಗೆ!"

ಎಲ್ಲರೂ ನಕ್ಕರು. ಅತ್ತೆ ಬಾಗಿಲಲ್ಲಿ ನಿಂತಿದ್ದರು.

ಜುಲೈ 11

ತೊರೆ ಬತ್ತಿತು. ಗುಡ್ಡೆ ನಿಂತಿದೆ, ಸಣ್ಣದಾಗಿ. ಎಷ್ಟು ತೂಗಿಸಿದರೂ ಎಲ್ಲರಿಗೂ ಸಾಲದು. ಪಾಳಿ ಮೇಲಿನಿಂದ ಕೆಳಕ್ಕೆ — ನಮ್ಮ ಹೊಲವೇ ಮೊದಲು, ಅದೂ ದೊಡ್ಡದು. ನಾವು ಕುಡಿಸಿದರೆ ಕೊನೆಯ ನಾಲ್ಕೈದು ಮನೆಗೆ ಇಲ್ಲ. ನಜರ್‌ಶೋ ಎದುರು ಸಿಕ್ಕಿದ. ತಮಾಷೆಯನ್ನೇ ಮಾಡಲಿಲ್ಲ.

ಜುಲೈ 12

ನೀರು ಬಿಡಲು ಹೋದರೆ, ನಮ್ಮ ಹೊಲದ ಕಾಲುವೆ ಬಾಯಿಗೆ ಹುಲ್ಲುಹೆಂಟೆ ಜಡಿದು ಅದರ ಮೇಲೆ ಅತ್ತೆ ಕೂತಿದ್ದಾರೆ! ಊರೆಲ್ಲ ನೋಡುತ್ತಿದೆ.

"ಬೂದಿ ಹಾಕಿದ್ದು ಇವಳಲ್ಲ, ನಾನು. ನಮಗೆ ನೀರು ಬೇಡ, ಕೆಳಗೆ ಬಿಡಿ."

"ಅಯ್ಯೋ ಚಿಕ್ಕಮ್ಮ, ಏಳಿ, ಹೀಗೆಲ್ಲ ಮಾಡ್ಬೇಡಿ," ಅಂದ ನಜರ್‌ಶೋ.

"ನಿನ್ನ ಹೊಲ ಕುಡೀಲಿ, ಆಮೇಲೆ ಏಳ್ತೀನಿ."

ಏಳಲಿಲ್ಲ. ನೀರು ನಮ್ಮ ಬಾರ್ಲಿಯ ಮುಂದೆಯೇ ಹರಿದು ಕೆಳಗೆ ಹೋಯಿತು.

ಜುಲೈ 20

ನಮ್ಮ ಬಾರ್ಲಿ ಜೊಳ್ಳು. ಹಸುವಿನ ಮೇವಿಗಾದರೂ ಆಗಲಿ ಎಂದು ಹಸಿಯಾಗಿಯೇ ಕೊಯ್ಯುತ್ತಿದ್ದೇವೆ. ಕೆಳಗಡೆ ತೆನೆ ತುಂಬುತ್ತಿದೆ. ಹೊಟ್ಟೆಕಿಚ್ಚಿಲ್ಲ ಅಂದರೆ ಸುಳ್ಳು.

"ಅವತ್ತು ಕೂಗಾಡಿದೆ, ತಪ್ಪಾಯ್ತು ಅತ್ತೆ," ಅಂದೆ.

"ಬೈದಿದ್ದು ಬಿಡು. ಬೈಸ್ಕೊಳ್ಳೋ ಕೆಲಸಾನೇ ಮಾಡಿದ್ದೆ. ಊರ ಮುಂದೆ ನಾನೇ ಹಾಕ್ದೆ ಅಂದ್ಯಲ್ಲ... ಕೂಸು ಮಾಡಿದ್ದನ್ನ ತಾಯಿ ಬಳಿಯೋ ಹಾಗೆ. ನನಗೇನು ಬಾಯಿ ಇರಲಿಲ್ವಾ?"

ಅವರ ಮರ್ಯಾದೆ ಉಳಿಸಿದೆ ಅಂದುಕೊಂಡಿದ್ದೆ. ಅವರು ಇಷ್ಟು ದಿನ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾನು ಸುಟ್ಟ ರೊಟ್ಟಿ ತಿಂದರು, ನಾನು ಒಂದು ದಿನವಾದರೂ ಅವರ ಮುಖ ನೋಡಿ ಏನೆಂದು ಕೇಳಲಿಲ್ಲ.