ಮಹಾಬಲನ ಹೆದರಿಕೆ

ಬಿಜೈ, ಮಂಗಳೂರು
13-11-1983

ಬಹರೈನಿನಲ್ಲಿರುವ ಮುದ್ದಿನ ಮಗ ಸುಂದರನಿಗೆ ಅಮ್ಮನ ಆಶೀರ್ವಾದ.

ಹೇಗಿದ್ದೀಯಾ? ಅಲ್ಲಿಯ ಸೆಕೆ ಈಗಲಾದರೂ ಇಳಿಯಿತೇ? ಎದೆಯುರಿಗೆ ಮಜ್ಜಿಗೆ ಕುಡಿ ಎಂದು ಬರೆದಿದ್ದೆ. ಕುಡಿದಿರಲಿಕ್ಕಿಲ್ಲ, ನೀನು ನನ್ನ ಮಾತು ಕೇಳಿದ್ದು ಯಾವಾಗ! ನನ್ನ ಗಂಟುನೋವು ಇದ್ದ ಹಾಗೇ ಇದೆ.

ನಿನ್ನ ಅಣ್ಣ ಮಹಾಬಲನನ್ನು ಕಂಕನಾಡಿಯಲ್ಲಿ ಆಸ್ಪತ್ರೆಗೆ ಸೇರಿಸಿದ್ದೇವೆ. ಗಾಬರಿಯಾಗಬೇಡ. ಬಲ್ಮಠದ ನಮ್ಮ ಹೋಟೆಲಿನಲ್ಲಿ ಕ್ಯಾಶಿಗೆ ಕೂತವನಿಗೆ ಗಿರಾಕಿಗಳು ಹೆಚ್ಚಾದರೆ ಎದೆ ಹೊಡೆದುಕೊಳ್ಳುತ್ತಿತ್ತಂತೆ, ಕೈ ಬೆವರುತ್ತಿತ್ತಂತೆ. ಹಿಂದಿನ ಕೋಣೆಗೆ ಹೋಗಿ ಒಂದಿಷ್ಟು ಹಾಕಿಕೊಂಡು ಬಂದರೆ ಸಮಾಧಾನ. ಆಮೇಲಾಮೇಲೆ ಹಲ್ಲುಜ್ಜುವ ಮೊದಲೇ ಬೇಕಾಯಿತು. ನಾವೆಲ್ಲ ಕುಡಿತವನ್ನು ನೋಡಿದೆವು, ಹೆದರಿಕೆಯನ್ನು ನೋಡಲಿಲ್ಲ. ಪಾಪ, ನಿನ್ನ ಅತ್ತಿಗೆ ಆಶಾಲತಾ ಗಂಡನ ಕಿಸೆ ತಡಕುವುದರಲ್ಲೇ ಸೊರಗಿದಳು.

"ಕುಡಿತ ಬಿಡಿಸಿದ್ರೆ ಸಾಕಾಗುದಿಲ್ಲಮ್ಮ, ಹೆದರಿಕೆಗೂ ಮದ್ದು ಮಾಡ್ಬೇಕು. ಇಲ್ಲದಿದ್ರೆ ಪುನಃ ಬಾಟ್ಲಿಗೇ ಹೋಗ್ತಾರೆ" ಎಂದರು ಡಾಕ್ಟರು. ನಿನ್ನ ಸರ್ವೋತ್ತಮ ಮಾವನಿಗೆ ಇದು ಹಿಡಿಸಲಿಲ್ಲ. ನಿನ್ನ ತಂಗಿ ಶಶಿಪ್ರಭಾಳಿಗೆ ಸಂಬಂಧ ಬಂದಿತ್ತಲ್ಲ? "ಅಣ್ಣ ಕುಡೀತಾನೆ ಅಂತ ಹೇಳು ಅಕ್ಕ, ಅಡ್ಡಿಯಿಲ್ಲ. ಮಂಡೆಯ ಡಾಕ್ಟ್ರ ಹತ್ರ ಹೋಗ್ತಾನೆ ಅಂತ ಮಾತ್ರ ಹೇಳ್ಬೇಡ" ಎಂದ. ನಮ್ಮವರ ಮರ್ಯಾದೆ ಎಲ್ಲಿರುತ್ತದೆ ನೋಡು! ನನಗೆ ಸಿಟ್ಟು ಬಂದು ಗಂಡಿನವರಿಗೆ ಇದ್ದದ್ದನ್ನೇ ಹೇಳಿದೆ. ಅವರು ಮತ್ತೆ ಬರಲಿಲ್ಲ. ಶಶಿ ಆ ದಿನ ಊಟ ಬಿಟ್ಟಳು. ಮರುದಿನ ಅಣ್ಣನಿಗೆ ಗಂಜಿ ತೆಗೆದುಕೊಂಡು ಹೋದದ್ದೂ ಅವಳೇ.

ನಿನ್ನೆ ನಾನು ಹೋಗಿದ್ದೆ. ಕೈ ನಡುಗಿ ಅವನಿಗೆ ಚಮಚ ಹಿಡಿಯಲಾಗಲಿಲ್ಲ, ನಾನೇ ಉಣಿಸಿದೆ. ತಲೆ ನರೆಯಲು ಶುರುವಾದ ಮಗ ಬಾಯಿ ತೆರೆದು ಕೂತಿದ್ದ. ಹೊರಗೆ ಬಂದು ತುಂಬಾ ಅತ್ತೆ, ಸುಂದರ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನಾದರೂ ನೆಮ್ಮದಿಯಾಗಿರು. ಆಶಾಲತಾ, ಶಶಿ ಇಬ್ಬರೂ ನಿನ್ನನ್ನು ಕೇಳಿದ್ದಾರೆ.

ನಿನ್ನ ಅಮ್ಮ,
ಕುಶಲಾ

ಮತ್ತೊಂದು ಮಾತು: ಡಿಸೆಂಬರಿನಲ್ಲಿ ಬರುವಾಗ ಅಣ್ಣನಿಗೆಂದು ಫಾರಿನ್ ಬಾಟ್ಲಿ ತರಬೇಡ. ಹೋದ ಸಲ ರಜೆಯಲ್ಲಿ ನೀನೇ ಗ್ಲಾಸಿಗೆ ಸುರಿದು, "ಒಂದು ಹಾಕು ಅಣ್ಣಾ, ನಿನ್ನ ಹೆದರಿಕೆ ಎಲ್ಲ ಓಡ್ತದೆ ಮಾರಾಯ" ಎಂದು ನಗಾಡಿದ್ದೆ. ಅಲ್ಲಿವರೆಗೆ ಅವನು ಮುಟ್ಟಿದವನಲ್ಲ. ಮೊದಲು ಕುಡಿಸಿದ್ದು ಯಾರು ಎಂದು ಡಾಕ್ಟರು ಕೇಳಿದರು. ಮಹಾಬಲ ನನ್ನ ಮುಖವನ್ನೊಮ್ಮೆ ನೋಡಿ, "ನೆನಪಿಲ್ಲ" ಎಂದ.